ಟೇಲ್‌ಗೇಟಿಂಗ್‌ಗೆ ಹಿಂದಿನ ದಿನವೇ ಮಾಡಿಡುವ ಅಡುಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಪ್ಟೆಂಬರ್ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಮೆಸೇಜುಗಳು ಶುರುವಾಗುತ್ತವೆ. "ಅಕ್ಕಾ, ಶನಿವಾರ ಆಫೀಸಿನವರು ಟೇಲ್‌ಗೇಟಿಂಗ್‌ಗೆ ಕರೆದಿದ್ದಾರೆ, ಏನು ಮಾಡಿಕೊಂಡು ಹೋಗಲಿ?" ನಮ್ಮದು ಧಾರವಾಡ. ಈಗ ಮಿಶಿಗನ್‌ನಲ್ಲಿ, ಆನ್ ಆರ್ಬರ್ ಹತ್ತಿರ ಇದ್ದೇವೆ. ಸೀಸನ್ ಪೂರ್ತಿ ಶನಿವಾರಗಳು ಅಮೆರಿಕನ್ ಫುಟ್‌ಬಾಲ್‌ಗೇ ಹೋಗುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಕಳಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೆಳಗೆ ಬರೀ ಡಿಗ್ರಿ ಅಂತ ಬರೆದ ಕಡೆಯೆಲ್ಲ ಫ್ಯಾರನ್‌ಹೀಟ್ ಅಂತ ತಿಳಿದುಕೊಳ್ಳಿ, ಯಾಕೆಂದರೆ ಇಲ್ಲಿನ ಓವನ್, ಥರ್ಮಾಮೀಟರ್ ಎಲ್ಲ ಅದರಲ್ಲೇ ಇರುತ್ತವೆ.

ಟೇಲ್‌ಗೇಟಿಂಗ್ ಅಂದರೆ ಏನು? ಮ್ಯಾಚಿಗೆ ಮುಂಚೆ ಪಾರ್ಕಿಂಗ್‌ನಲ್ಲಿ ನಿಂತು ತಿನ್ನೋದಾ?

ಹೌದು, ಅದೇ. ಪಿಕಪ್ ಟ್ರಕ್ಕಿನ ಹಿಂದಿನ ಬಾಗಿಲನ್ನು ಕೆಳಕ್ಕೆ ಇಳಿಸಿದರೆ ಒಂದು ಕಟ್ಟೆ ತರಹ ಆಗುತ್ತದಲ್ಲ, ಅದಕ್ಕೆ ಟೇಲ್‌ಗೇಟ್ ಅನ್ನುತ್ತಾರೆ. ಅದರ ಮೇಲೆ ಊಟ ಹರಡಿಕೊಂಡು ಹತ್ತಿರದವರನ್ನೆಲ್ಲ ಕರೆದು ತಿನ್ನುವುದು. ಆನ್ ಆರ್ಬರ್‌ನ ಮಿಶಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. 1927ರಲ್ಲಿ ಶುರುವಾದ ಸ್ಟೇಡಿಯಂ ಅದು. ಮ್ಯಾಚ್ ದಿನ ಬೆಳಿಗ್ಗೆ ಎದುರಿಗಿರುವ ಪಯನೀರ್ ಹೈಸ್ಕೂಲಿನ ಮೈದಾನ, ಪಕ್ಕದ ಗಾಲ್ಫ್ ಕೋರ್ಸ್ ಎಲ್ಲ ಹಳದಿ ನೀಲಿ ಬಣ್ಣದಲ್ಲಿ ತುಂಬಿಹೋಗುತ್ತವೆ.

ನನಗೆ ಇದು ಹೊಸದು ಅಂತ ಅನ್ನಿಸಲೇ ಇಲ್ಲ. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಸಜ್ಜಿ ರೊಟ್ಟಿ, ಪಲ್ಯ, ಕಾಳು, ಶೇಂಗಾ ಚಟ್ನಿ, ಮೊಸರು ಎಲ್ಲವೂ ಮನೆಯಲ್ಲೇ ಮಾಡಿ ಆಗಿರುತ್ತದೆ. ಹೊಲದಲ್ಲಿ ಒಲೆ ಹಚ್ಚುವುದಿಲ್ಲ. ಬಿಚ್ಚುವುದು, ಬಡಿಸುವುದು, ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸುವುದು, ಅಷ್ಟೇ ಕೆಲಸ. ಟೇಲ್‌ಗೇಟಿಂಗ್‌ಗೂ ಅದೇ ಲೆಕ್ಕ ಹಿಡಿಯಿರಿ.

ಅಲ್ಲೇ ಗ್ರಿಲ್ ಇಟ್ಟು ಮಾಡಿದರೆ ಆಗಲ್ವಾ? ಮುಂಚೆಯೇ ಯಾಕೆ ಮಾಡಬೇಕು?

ಆಗುತ್ತದೆ, ತುಂಬ ಜನ ಮಾಡುತ್ತಾರೆ. ಆದರೆ ನಮ್ಮ ಮೊದಲ ವರ್ಷದ ಕಥೆ ಕೇಳಿ. ಬಿಸಿ ಬಿಸಿ ದೋಸೆ ಹುಯ್ಯೋಣ ಅಂತ ಹಿಟ್ಟು, ಕಾವಲಿ, ಸಣ್ಣ ಗ್ಯಾಸ್ ಸ್ಟವ್ ಎಲ್ಲ ಹೊತ್ತುಕೊಂಡು ಹೋದೆವು. ಗಾಳಿಗೆ ಉರಿ ನಿಲ್ಲಲಿಲ್ಲ. ಕಾವಲಿ ಕಾಯಲಿಲ್ಲ. ಹತ್ತು ಜನ ತಟ್ಟೆ ಹಿಡಿದು ನಿಂತಿದ್ದರು, ಒಂದೊಂದು ದೋಸೆಗೆ ಐದಾರು ನಿಮಿಷ ಹಿಡಿಯುತ್ತಿತ್ತು. ನಾನು, ನನ್ನ ಗಂಡ ಯಾರ ಜೊತೆಯೂ ಎರಡು ಮಾತು ಆಡಲಿಲ್ಲ, ಒಳಗೆ ಹೋಗುವಷ್ಟರಲ್ಲಿ ಮೊದಲ ಕ್ವಾರ್ಟರ್ (ಆಟದ ನಾಲ್ಕನೇ ಒಂದು ಭಾಗ) ಮುಗಿಯುತ್ತಾ ಬಂದಿತ್ತು. ಅವತ್ತು ನನಗೆ ನಿಜವಾಗಿ ಬೇಜಾರಾಯಿತು, ಯಾಕೆಂದರೆ ಹೋಗಿದ್ದೇ ಜನರ ಜೊತೆ ಇರೋಕೆ ಅಲ್ವಾ?

ಆಮೇಲೆ ನಾವು ಮಾಡಿಕೊಂಡ ನಿಯಮ ಇದು: ಪಾರ್ಕಿಂಗ್‌ನಲ್ಲಿ ಚಾಕು ಹೊರಗೆ ಬರಬಾರದು. ಹೆಚ್ಚುವುದು, ಬೇಯಿಸುವುದು, ಒಗ್ಗರಣೆ ಎಲ್ಲ ಶುಕ್ರವಾರ ರಾತ್ರಿಯೇ ಮುಗಿಯಬೇಕು. ಅಲ್ಲಿ ಮುಚ್ಚಳ ತೆಗೆಯುವುದು, ಕಲಸುವುದು, ಬಡಿಸುವುದು ಮಾತ್ರ.

ಯಾವ ತರಹದ ತಿಂಡಿ ಸರಿಹೋಗುತ್ತದೆ?

ನಾನು ಮೂರು ವಿಷಯ ನೋಡುತ್ತೇನೆ. ಒಂದು ಕೈಯಲ್ಲಿ ಹಿಡಿದು ನಿಂತುಕೊಂಡೇ ತಿನ್ನಲು ಆಗಬೇಕು, ಯಾಕೆಂದರೆ ಇನ್ನೊಂದು ಕೈಯಲ್ಲಿ ಲೋಟ ಇರುತ್ತದೆ. ಎರಡು ಗಂಟೆ ಕಳೆದರೂ ರುಚಿ ಕೆಡಬಾರದು. ರಾತ್ರಿ ಫ್ರಿಜ್‌ನಲ್ಲಿಟ್ಟರೆ ಇನ್ನೂ ಚೆನ್ನಾಗಿ ಆಗುವಂಥದ್ದು ಸಿಕ್ಕರಂತೂ ಅದೇ ಬೇಕು. ಚಿಲ್ಲಿ (ಮೆಣಸಿನಕಾಯಿ ಅಲ್ಲ, ಕಾಳು ಟೊಮೆಟೊ ಹಾಕಿ ಮಾಡುವ ಖಾರದ ಗಟ್ಟಿ ಅಡುಗೆ), ಗೊಜ್ಜು, ಪಾಸ್ತಾ ಸಲಾಡ್ ಎಲ್ಲ ಮಾರನೇ ದಿನಕ್ಕೇ ಹದಕ್ಕೆ ಬರುತ್ತವೆ.

ಬಜ್ಜಿ, ಬೋಂಡಾ, ಪೂರಿ ಬೇಡ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಹಬೆಗೆ ಮೆತ್ತಗಾಗುತ್ತವೆ. ಸಾಂಬಾರ್, ಸಾರು ತರಹದ್ದೂ ಬೇಡ.

ಅಮೆರಿಕದವರು ಸಾಮಾನ್ಯವಾಗಿ ಏನು ತರುತ್ತಾರೆ?

ಊರಿಂದೂರಿಗೆ ಬೇರೆ. ವಿಸ್ಕಾನ್ಸಿನ್‌ನ ಗ್ರೀನ್ ಬೇಯಲ್ಲಿ ಬ್ರಾಟ್‌ವರ್ಸ್ಟ್ ಅನ್ನುವ ಸಾಸೇಜ್. ಅದನ್ನು ಬಿಯರ್ ಮತ್ತು ಈರುಳ್ಳಿಯಲ್ಲಿ ಬೇಯಿಸಿ ಆಮೇಲೆ ಗ್ರಿಲ್ ಮೇಲೆ ಕೆಂಪಗೆ ಮಾಡುತ್ತಾರೆ. ಕ್ಯಾನ್ಸಸ್ ಸಿಟಿಯಲ್ಲಿ ಬಾರ್ಬೆಕ್ಯೂ. ಲೂಸಿಯಾನಾದಲ್ಲಿ ಜಂಬಲಾಯಾ ಅನ್ನುವ ಅನ್ನದ ಅಡುಗೆ, ಗಂಬೋ ಅನ್ನುವ ಗಟ್ಟಿ ಸಾರು. ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನ ಖಾರದ ಚಿಕನ್ ವಿಂಗ್ಸ್ 1964ರಲ್ಲಿ ಅಲ್ಲಿನ ಆಂಕರ್ ಬಾರ್‌ನಲ್ಲಿ ಹುಟ್ಟಿದ್ದು ಅಂತ ಹೇಳುತ್ತಾರೆ, ಈಗ ಅದು ಎಲ್ಲ ಕಡೆಯೂ ಇದೆ. ನಮ್ಮ ಮಿಡ್‌ವೆಸ್ಟ್‌ನಲ್ಲಿ ಚಿಲ್ಲಿ, ಪುಲ್ಡ್ ಪೋರ್ಕ್ (ಎಳೆ ಎಳೆಯಾಗಿ ಬಿಡಿಸಿದ ಹಂದಿ ಮಾಂಸ), ಚಿಪ್ಸ್ ಅದ್ದಿ ತಿನ್ನುವ ಏಳು ಪದರದ ಬೀನ್ಸ್ ಡಿಪ್, ಮತ್ತೆ ಸಿಹಿಗೆ ಪಪ್ಪಿ ಚೌ. ಹೆಸರು ಕೇಳಿ ಹೆದರಬೇಡಿ. ಚೆಕ್ಸ್ ಸೀರಿಯಲ್‌ಗೆ ಕರಗಿಸಿದ ಚಾಕೊಲೇಟ್, ಪೀನಟ್ ಬಟರ್ ಹಚ್ಚಿ ಸಕ್ಕರೆ ಪುಡಿಯಲ್ಲಿ ಹೊರಳಿಸಿದ್ದು ಅಷ್ಟೇ. ಮೂರು ದಿನ ಮುಂಚೆ ಮಾಡಿಟ್ಟರೂ ಗರಿಗರಿ ಇರುತ್ತದೆ.

ಒಂದೇ ಒಂದು ಐಟಂ ಮಾಡು ಅಂದರೆ ಯಾವುದು?

ರಾಜ್ಮಾ ಚಿಲ್ಲಿ. ಸಸ್ಯಾಹಾರಿಗಳಿಗೂ ಆಗುತ್ತದೆ, ಬೇರೆಯವರೂ ಕೇಳಿ ಹಾಕಿಸಿಕೊಳ್ಳುತ್ತಾರೆ. 12 ಜನಕ್ಕೆ ನಾನು ಹೀಗೆ ಮಾಡುತ್ತೇನೆ. ಎರಡು ದೊಡ್ಡ ಈರುಳ್ಳಿ, ಎರಡು ದಪ್ಪ ಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ. ಎರಡು ಚಮಚ ಜೀರಿಗೆ ಪುಡಿ, ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಮಚ ಧನಿಯಾ ಪುಡಿ ಹಾಕಿ ಘಮ ಬರುವ ತನಕ ಹುರಿಯಿರಿ. ಬ್ಯಾಡಗಿ ಯಾಕೆ ಅಂದರೆ ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಹದವಾಗಿರುತ್ತದೆ, ಇಲ್ಲಿನವರು ಹೆದರದೆ ತಿನ್ನುತ್ತಾರೆ. 28 ಔನ್ಸಿನ ಒಂದು ಡಬ್ಬಿ ಟೊಮೆಟೊ, 15 ಔನ್ಸಿನ ನಾಲ್ಕು ಡಬ್ಬಿ ಕಾಳು (ಎರಡು ರಾಜ್ಮಾ, ಎರಡು ಕಪ್ಪು ಬೀನ್ಸ್), ಒಂದು ಡಬ್ಬಿ ಮೆಕ್ಕೆಜೋಳ, ಎರಡು ಕಪ್ ನೀರು ಸೇರಿಸಿ ಸ್ಲೋ ಕುಕ್ಕರ್‌ನಲ್ಲಿ (ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ) ಲೋ ಮೇಲೆ ಆರು ಗಂಟೆ ಬಿಡಿ.

ಒಂದು ಮಾತು ಗಮನವಿಟ್ಟು ಕೇಳಿ. ಡಬ್ಬಿಯ ಬದಲು ಒಣ ರಾಜ್ಮಾ ಹಾಕುವುದಾದರೆ ಸ್ಲೋ ಕುಕ್ಕರ್‌ಗೆ ನೇರವಾಗಿ ಹಾಕಲೇಬೇಡಿ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಒಂದು ಅಂಶ ಇರುತ್ತದೆ, ಸ್ಲೋ ಕುಕ್ಕರ್‌ನ ಸಣ್ಣ ಬಿಸಿಗೆ ಅದು ಹೋಗುವುದಿಲ್ಲ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಪ್ರೆಷರ್ ಕುಕ್ಕರ್‌ನಲ್ಲಿ ಪೂರ್ತಿ ಬೇಯಿಸಿಯೇ ಹಾಕಿ.

ಬಡಿಸುವುದಕ್ಕೆ ತಟ್ಟೆ ಬೇಕಿಲ್ಲ. ಸಣ್ಣ ಚಿಪ್ಸ್ ಪ್ಯಾಕೆಟ್ಟಿನ ಬಾಯಿ ಕತ್ತರಿಸಿ, ಅದರೊಳಗೇ ಒಂದು ಸೌಟು ಚಿಲ್ಲಿ, ಮೇಲೆ ತುರಿದ ಚೀಸ್, ಒಂದು ಚಮಚ ಹುಳಿ ಕ್ರೀಮ್. ಫ್ರಿಟೋಸ್ ಕಾರ್ನ್ ಚಿಪ್ಸ್ ಇದಕ್ಕೆ ಸರಿಯಾದ್ದು. ಇದನ್ನೇ ವಾಕಿಂಗ್ ಟಾಕೊ ಅನ್ನುತ್ತಾರೆ. ಪ್ಯಾಕೆಟ್ ಹಿಡಿದುಕೊಂಡೇ ಓಡಾಡಬಹುದು.

ನಮ್ಮ ಊರಿನ ತಿಂಡಿ ತಗೊಂಡು ಹೋದರೆ ಅವರು ತಿನ್ನುತ್ತಾರಾ?

ತಿನ್ನುತ್ತಾರೆ. ನನ್ನ ಅನುಭವದಲ್ಲಿ ಗಿರ್ಮಿಟ್ಟಿನ ಪಾತ್ರೆ ಖಾಲಿಯಾಗದೆ ವಾಪಸ್ ಬಂದದ್ದೇ ಇಲ್ಲ. ವಾಕಿಂಗ್ ಟಾಕೊ ತಿಂದವರಿಗೆ ಗಿರ್ಮಿಟ್ ಅರ್ಥ ಮಾಡಿಸಬೇಕಾಗಿಲ್ಲ, ಎರಡೂ ಗರಿಗರಿಯದರ ಮೇಲೆ ಹುಳಿ ಖಾರ ಹಾಕಿ ತಿನ್ನುವಂಥವೇ.

ಇದಕ್ಕಿಂತ ಸುಲಭದ್ದು ಇಲ್ಲ. ಗುರುವಾರವೇ ಗೊಜ್ಜು ಮಾಡಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಮೂರು ಈರುಳ್ಳಿ, ಮೂರು ಟೊಮೆಟೊ, ಅರಿಶಿನ, ಉಪ್ಪು. ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಚೂರು ಬೆಲ್ಲ. ನೀರೆಲ್ಲ ಇಂಗಿ ಎಣ್ಣೆ ಬಿಡುವ ತನಕ ಕುದಿಸಿ, ಆರಿಸಿ ಫ್ರಿಜ್‌ನಲ್ಲಿಡಿ. ಪುಟಾಣಿ ಹಿಟ್ಟು ಒಂದು ಡಬ್ಬಿಯಲ್ಲಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಕೊತ್ತಂಬರಿ ಇನ್ನೊಂದರಲ್ಲಿ, ಸೇವ್ ಮತ್ತೊಂದರಲ್ಲಿ. ಮಂಡಕ್ಕಿ ಇಂಡಿಯನ್ ಅಂಗಡಿಗಳಲ್ಲಿ ಮಮ್ರಾ ಅಂತ ಸಿಗುತ್ತದೆ, ಮೆತ್ತಗಿದ್ದರೆ ಬೆಳಿಗ್ಗೆ ಐದು ನಿಮಿಷ ಓವನ್‌ನಲ್ಲಿ ಬಿಸಿ ಮಾಡಿ. ಅಲ್ಲಿ ಹೋಗಿ ಕೇಳಿದವರಿಗೆ ಕೇಳಿದ ಹಾಗೆ ಕಲಸಿ ಕೊಡಿ. ಒಟ್ಟಿಗೆ ಕಲಸಿಡಬೇಡಿ, ಐದೇ ನಿಮಿಷಕ್ಕೆ ಮುದ್ದೆಯಾಗುತ್ತದೆ.

ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ವಾರ ಮುಂಚೆಯೇ ಮಾಡಿ ಡಬ್ಬಿಗೆ ಹಾಕಿಡಬಹುದು, ಬಿಯರ್ ಕುಡಿಯುವವರಂತೂ ಡಬ್ಬಿಯನ್ನೇ ಹತ್ತಿರ ಎಳೆದುಕೊಳ್ಳುತ್ತಾರೆ. ಕೋಸಂಬರಿಯೂ ಚೆನ್ನ. ಹೆಸರುಬೇಳೆ ನೆನೆಸಿ ಬಸಿದು, ಸೌತೆಕಾಯಿ ಹೆಚ್ಚಿ, ಒಗ್ಗರಣೆ ಮಾಡಿ ಎಲ್ಲ ಬೇರೆ ಬೇರೆ ಡಬ್ಬಿಯಲ್ಲಿ ಐಸ್ ಮೇಲೆ ತಗೊಂಡು ಹೋಗಿ, ಉಪ್ಪು ನಿಂಬೆರಸ ಮಾತ್ರ ಬಡಿಸುವ ಹೊತ್ತಿಗೆ ಹಾಕಿ. ಮುಂಚೆ ಉಪ್ಪು ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲ್ಲ ಸಪ್ಪೆ.

ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ? ಅನ್ನ ಹಿಂದಿನ ದಿನ ಮಾಡಬಹುದಾ?

ಅನ್ನದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬೆಂದ ಅನ್ನವನ್ನು ಹೊರಗೆ ಬಿಟ್ಟರೆ ಅದರಲ್ಲಿ ಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ, ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ನಮ್ಮ ಅಜ್ಜಿ ರಾತ್ರಿ ಅನ್ನ ಹೊರಗಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕುತ್ತಿದ್ದರು ನಿಜ, ಆದರೆ 20 ಜನ ಪರರಿಗೆ ಬಡಿಸುವಾಗ ನಾನು ಅದನ್ನು ಮಾಡುವುದಿಲ್ಲ.

ಪುಳಿಯೋಗರೆ ಗೊಜ್ಜು ವಾರ ಮುಂಚೆ ಮಾಡಿಡಿ. ಅನ್ನ ಬೆಳಿಗ್ಗೆ ಮಾಡಿ ಬಿಸಿಯಲ್ಲೇ ಕಲಸಿ ಹಾಟ್‌ಪ್ಯಾಕ್‌ಗೆ ತುಂಬಿ. ಬೆಳಿಗ್ಗೆ ಹೊತ್ತೇ ಇಲ್ಲ ಅಂದರೆ ರಾತ್ರಿ ಮಾಡಿದ ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಬೆ ಹೋದ ಕೂಡಲೇ ಫ್ರಿಜ್‌ಗೆ. ಮೊಸರನ್ನ ಸೆಪ್ಟೆಂಬರ್ ಬಿಸಿಲಿಗೆ ಹೇಳಿ ಮಾಡಿಸಿದ್ದು, ಆದರೆ ಪೂರ್ತಿ ತಣ್ಣಗೆ ಇರಬೇಕು. ಮೊಸರು ಕಡಿಮೆ, ಹಾಲು ಜಾಸ್ತಿ ಹಾಕಿ ಕಲಸಿ, ಸಣ್ಣ ಸಣ್ಣ ಕಪ್‌ಗಳಿಗೆ ತುಂಬಿ, ಮುಚ್ಚಿ ಐಸ್‌ನಲ್ಲಿ ಹೂತಿಡಿ.

ಮಾಂಸಾಹಾರದಲ್ಲಿ ಸುಲಭವಾದದ್ದು ಯಾವುದು?

ಬಫಲೋ ಚಿಕನ್ ಡಿಪ್. ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಚಿಕನ್ ಎರಡು ಕಪ್, 8 ಔನ್ಸ್ ಕ್ರೀಮ್ ಚೀಸ್, ಅರ್ಧ ಕಪ್ ಹಾಟ್ ಸಾಸ್, ಅರ್ಧ ಕಪ್ ರಾಂಚ್ (ಸಲಾಡ್‌ಗೆ ಹಾಕುವ ಬಿಳಿ ಡ್ರೆಸಿಂಗ್), ಅರ್ಧ ಕಪ್ ತುರಿದ ಚೀಸ್. ಎಲ್ಲ ಕಲಸಿ ಫಾಯಿಲ್ ಟ್ರೇಯಲ್ಲಿ ರಾತ್ರಿ ಫ್ರಿಜ್‌ನಲ್ಲಿಡಿ, ಬೆಳಿಗ್ಗೆ 350 ಡಿಗ್ರಿಯಲ್ಲಿ ಅರ್ಧ ಗಂಟೆ, ಅಂಚಿನಲ್ಲಿ ಕುದಿ ಬರುವ ತನಕ. ಚಿಪ್ಸ್, ಸೆಲರಿ ಕಡ್ಡಿ ಜೊತೆ ಇಡಿ.

ಪುಲ್ಡ್ ಪೋರ್ಕ್ ಮಾಡುವುದಾದರೆ ಹಂದಿಯ ಭುಜದ ಮಾಂಸ ಸ್ಲೋ ಕುಕ್ಕರ್‌ನಲ್ಲಿ ಲೋ ಮೇಲೆ ಎಂಟರಿಂದ ಹತ್ತು ಗಂಟೆ. ಒಳಗಿನ ಬಿಸಿ 195 ಡಿಗ್ರಿ ದಾಟಿದ ಮೇಲೇ ಫೋರ್ಕ್ ಹಾಕಿದರೆ ಬಿಚ್ಚಿಕೊಳ್ಳುತ್ತದೆ, ಅದಕ್ಕಿಂತ ಮುಂಚೆ ಎಷ್ಟು ಎಳೆದರೂ ಬರಲ್ಲ. ಸಾಸೇಜನ್ನು ಮನೆಯಲ್ಲಿ ಅರ್ಧ ಬೇಯಿಸಿ ಉಳಿದದ್ದು ಅಲ್ಲಿ ಮಾಡೋಣ ಅಂತ ಕೆಲವರು ಇಡುತ್ತಾರೆ. ಅದು ತಪ್ಪು. ಪೂರ್ತಿ 160 ಡಿಗ್ರಿಗೆ ಬೇಯಿಸಿ ತಣ್ಣಗೆ ಮಾಡಿ ತಗೊಂಡು ಹೋಗಿ, ಅಲ್ಲಿ ಮತ್ತೆ ಚೆನ್ನಾಗಿ ಬಿಸಿ ಮಾಡಿ ಕೆಂಪಗೆ ಮಾಡಿ.

ಮ್ಯಾಚ್ ಮಧ್ಯಾಹ್ನ 12ಕ್ಕೇ ಇದೆ. ಬೆಳಿಗ್ಗೆ 8ಕ್ಕೆ ಯಾರು ಚಿಲ್ಲಿ ತಿನ್ನುತ್ತಾರೆ?

ಸರಿಯಾದ ಪ್ರಶ್ನೆ. ಕಾಲೇಜು ಮ್ಯಾಚುಗಳಲ್ಲಿ 12 ಗಂಟೆಯದು ತುಂಬ ಇರುತ್ತವೆ. ಆಗ ಸ್ಲೈಡರ್ ಮಾಡಿ. 12 ಸಣ್ಣ ಸಿಹಿ ಬನ್‌ಗಳ ಹಾಳೆ ಸಿಗುತ್ತದೆ, ಅದನ್ನು ಬಿಡಿಸದೆ ಅಡ್ಡಕ್ಕೆ ಒಂದೇ ಸಲ ಸೀಳಿ. ಕೆಳಗಿನ ಅರ್ಧಕ್ಕೆ ದೋಸೆಗೆ ಮಾಡುವ ಆಲೂಗಡ್ಡೆ ಪಲ್ಯ, ನೀರಿಲ್ಲದ ಹಾಗೆ ಗಟ್ಟಿಯಾಗಿ ಮಾಡಿದ್ದು, ಅದರ ಮೇಲೆ ಚೀಸ್ ಹಾಳೆ. ಮೇಲಿನ ಅರ್ಧ ಮುಚ್ಚಿ ಬೆಣ್ಣೆ ಸವರಿ, ಫಾಯಿಲ್ ಸುತ್ತಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಫಾಯಿಲ್ ಸಮೇತ 350 ಡಿಗ್ರಿಯಲ್ಲಿ 20 ನಿಮಿಷ. ಮೊಟ್ಟೆ ತಿನ್ನುವವರಿಗೆ ಪಲ್ಯದ ಬದಲು ಮೊಟ್ಟೆ ಬುರ್ಜಿ. ಒಂದು ಫ್ಲಾಸ್ಕ್ ತುಂಬ ಫಿಲ್ಟರ್ ಕಾಫಿ ಇದ್ದರೆ ಪಕ್ಕದ ಕಾರಿನವರೂ ಬರುತ್ತಾರೆ.

ಬಿಸಿಯದು ಬಿಸಿಯಾಗಿ, ತಣ್ಣಗಿನದು ತಣ್ಣಗೆ ಹೇಗೆ ಉಳಿಸೋದು?

ಇದೇ ಎಲ್ಲಕ್ಕಿಂತ ಮುಖ್ಯ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಅಮೆರಿಕದ ಕೃಷಿ ಇಲಾಖೆ ಹೇಳುವ ಲೆಕ್ಕ ಸುಲಭ: ತಣ್ಣಗಿನದು 40 ಡಿಗ್ರಿಗಿಂತ ಕೆಳಗೆ, ಬಿಸಿಯದು 140 ಡಿಗ್ರಿಗಿಂತ ಮೇಲೆ. ಇವೆರಡರ ಮಧ್ಯೆ ಊಟ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಹೊರಗೆ 90 ಡಿಗ್ರಿ ದಾಟಿದ ಬಿಸಿಲಿದ್ದರೆ ಒಂದೇ ಗಂಟೆ.

ಚಿಲ್ಲಿಯಂಥದ್ದನ್ನು ರಾತ್ರಿ ದೊಡ್ಡ ಪಾತ್ರೆಯಲ್ಲೇ ಫ್ರಿಜ್‌ಗೆ ತಳ್ಳಬೇಡಿ. ನಡುವೆ ಬೆಳಗಿನ ತನಕ ಬೆಚ್ಚಗೇ ಇರುತ್ತದೆ. ಎರಡು ಇಂಚು ಆಳದ ಡಬ್ಬಿಗಳಿಗೆ ಹಂಚಿ ಇಡಿ. ಬೆಳಿಗ್ಗೆ ಒಲೆ ಮೇಲೆ ಕುದಿಸಿ, 165 ಡಿಗ್ರಿ ಬರಬೇಕು, ಆಮೇಲೆ ಸ್ಲೋ ಕುಕ್ಕರ್‌ಗೋ ಹಾಟ್‌ಪ್ಯಾಕ್‌ಗೋ ಹಾಕಿ. ತಣ್ಣಗಿನದನ್ನು ಸ್ಲೋ ಕುಕ್ಕರ್‌ನಲ್ಲೇ ಬಿಸಿ ಮಾಡಲು ಹೋದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಕೆಡಬಹುದು.

ಕೂಲರ್ (ಐಸ್ ಪೆಟ್ಟಿಗೆ) ಬರೀ ಐಸಿಗೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ಬಿಸಿಯನ್ನೂ ಅಷ್ಟೇ ಚೆನ್ನಾಗಿ ಹಿಡಿದಿಡುತ್ತದೆ. ಕುದಿಯದ ಬಿಸಿನೀರು ತುಂಬಿಸಿ 15 ನಿಮಿಷ ಬಿಡಿ, ಚೆಲ್ಲಿ ಒರೆಸಿ, ಫಾಯಿಲ್ ಟ್ರೇಗಳನ್ನು ಹಳೇ ಟವೆಲ್‌ನಲ್ಲಿ ಸುತ್ತಿ ಇಡಿ, ಖಾಲಿ ಜಾಗಕ್ಕೂ ಟವೆಲ್ ತುರುಕಿ. ನಮ್ಮದು ಮೂರು ಗಂಟೆ ಆರಾಮಾಗಿ ಬಿಸಿ ಇರುತ್ತದೆ. ಹತ್ತು ಹದಿನೈದು ಡಾಲರಿನ ಒಂದು ಥರ್ಮಾಮೀಟರ್ ಜೇಬಿನಲ್ಲಿದ್ದರೆ ಊಹೆ ಮಾಡುವ ಕೆಲಸ ಇಲ್ಲ.

ತಣ್ಣಗಿನದಕ್ಕೆ ಎರಡು ಕೂಲರ್ ಬೇಕು, ಒಂದು ಕುಡಿಯುವುದಕ್ಕೆ, ಒಂದು ತಿನ್ನುವುದಕ್ಕೆ. ಸೋಡಾ ಬಿಯರ್ ಇರುವ ಕೂಲರನ್ನು ಎರಡು ನಿಮಿಷಕ್ಕೊಮ್ಮೆ ಯಾರಾದರೂ ತೆಗೆಯುತ್ತಲೇ ಇರುತ್ತಾರೆ, ಊಟವೂ ಅದರಲ್ಲೇ ಇದ್ದರೆ ಮಧ್ಯಾಹ್ನದ ಹೊತ್ತಿಗೆ ಬರೀ ನೀರು. ನೀರಿನ ಬಾಟಲಿಗಳನ್ನೇ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಐಸ್ ಬದಲು ಇಟ್ಟರೆ ಕರಗಿದ ಮೇಲೆ ಕುಡಿಯಬಹುದು. ಹಸಿ ಮಾಂಸ ತರುವವರು ಅದನ್ನು ಬೇರೆ ಡಬ್ಬಿಯಲ್ಲಿ, ಎಲ್ಲದರ ಕೆಳಗೆ ಇಡಿ.

ಸ್ಲೋ ಕುಕ್ಕರನ್ನು ಕಾರಿನ ಸಾಕೆಟ್‌ಗೆ ಹಾಕಬಹುದಾ?

ಬೇಡ. ಕಾರಿನ 12 ವೋಲ್ಟ್ ಸಾಕೆಟ್ ಸಾಮಾನ್ಯವಾಗಿ 120ರಿಂದ 180 ವ್ಯಾಟ್ ತಡೆಯುತ್ತದೆ, ದೊಡ್ಡ ಸ್ಲೋ ಕುಕ್ಕರ್ 200ರಿಂದ 300 ವ್ಯಾಟ್ ಎಳೆಯುತ್ತದೆ. ಫ್ಯೂಸ್ ಹೋಗುತ್ತದೆ. ಟವೆಲ್ ಸುತ್ತಿದ ಕೂಲರ್ ಸಾಕು.

ನಾವು ಸಸ್ಯಾಹಾರಿಗಳು. ಅಲ್ಲಿ ಇಟ್ಟಿರುವುದರಲ್ಲಿ ಏನೇನು ಕೇಳಿ ತಿನ್ನಬೇಕು?

ಬೀನ್ಸ್ ಕಂಡ ಕೂಡಲೇ ನಮ್ಮದು ಅಂದುಕೊಳ್ಳಬೇಡಿ. ಬೇಕ್ಡ್ ಬೀನ್ಸ್‌ನಲ್ಲಿ ಹಂದಿ ಮಾಂಸದ ಚೂರು ಇರುವುದು ಸಾಮಾನ್ಯ, ರಿಫ್ರೈಡ್ ಬೀನ್ಸ್‌ನಲ್ಲಿ ಹಂದಿ ಕೊಬ್ಬು ಹಾಕಿರಬಹುದು. ಮಾರ್ಷ್‌ಮೆಲೊ ಹಾಕಿದ ಸಿಹಿಯಲ್ಲಿ ಜೆಲಟಿನ್, ವೂಸ್ಟರ್‌ಶೈರ್ ಸಾಸ್‌ನಲ್ಲಿ ಮೀನು. ಕೇಳುವುದಕ್ಕೆ ಸಂಕೋಚ ಬೇಡ, ಯಾರೂ ತಪ್ಪು ತಿಳಿಯುವುದಿಲ್ಲ. ಗ್ರಿಲ್ ಮೇಲೆ ನಿಮ್ಮ ಮೆಕ್ಕೆಜೋಳದ ತೆನೆ ಇಡಬೇಕಾದರೆ ಕೆಳಗೆ ಫಾಯಿಲ್ ಹಾಸಿ ಅಂತ ಹೇಳಿ.

ಹಾಗೆಯೇ ನಮ್ಮ ತಿಂಡಿಯಲ್ಲೂ ಅವರಿಗೆ ತೊಂದರೆ ಆಗುವಂಥದ್ದು ಇರುತ್ತದೆ. ಪುಳಿಯೋಗರೆ, ನಿಪ್ಪಟ್ಟು, ಚಟ್ನಿಪುಡಿ ಎಲ್ಲದರಲ್ಲೂ ಶೇಂಗಾ. ಇಲ್ಲಿ ಶೇಂಗಾ ಅಲರ್ಜಿ ಇರುವ ಮಕ್ಕಳಿದ್ದಾರೆ, ಅದು ಜೀವಕ್ಕೇ ಬರಬಹುದು. ಡಬ್ಬಿ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಗೋಡಂಬಿ, ಗೋಧಿ, ಹಾಲಿದ್ದರೂ ಬರೆಯಿರಿ.

20 ಜನಕ್ಕೆ ಎಷ್ಟು ಮಾಡಬೇಕು?

ಎಲ್ಲರೂ ಏನಾದರೊಂದು ತರುತ್ತಾರೆ, ಆದ್ದರಿಂದ ನೀವು 20 ಜನಕ್ಕೂ ಹೊಟ್ಟೆ ತುಂಬ ಮಾಡಬೇಕಾಗಿಲ್ಲ. ಚಿಲ್ಲಿ ತಲೆಗೆ ಮುಕ್ಕಾಲು ಕಪ್, ಸ್ಲೈಡರ್ ತಲೆಗೆ ಎರಡು, ಐಸ್ ತಲೆಗೆ ಒಂದೆರಡು ಪೌಂಡ್. ಕುಡಿಯುವ ನೀರು ಮಾತ್ರ ಅಂದುಕೊಂಡದ್ದಕ್ಕಿಂತ ಜಾಸ್ತಿ ಇರಲಿ.

ನವೆಂಬರ್‌ನಲ್ಲಿ ಹಿಮ ಬಿದ್ದರೆ?

ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಜೊತೆಗಿನ ಮ್ಯಾಚ್ ನವೆಂಬರ್ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಆದ ಶನಿವಾರ. ಆಗ ತಟ್ಟೆಯಲ್ಲಿಟ್ಟದ್ದು ಎರಡು ನಿಮಿಷಕ್ಕೆ ತಣ್ಣಗಾಗುತ್ತದೆ. ಲೋಟದಲ್ಲಿ ಕುಡಿಯುವಂಥದ್ದು ಮಾಡಿ. ನಾನು ಟೊಮೆಟೊ ಸಾರನ್ನು ದೊಡ್ಡ ಫ್ಲಾಸ್ಕ್‌ಗೆ ತುಂಬಿ ತಗೊಂಡು ಹೋಗುತ್ತೇನೆ, ಮೆಣಸು ಸ್ವಲ್ಪ ಮುಂದಾಗಿ. ಸಾರು ಬೇಡ ಅಂತ ಮೇಲೆ ಬರೆದದ್ದು ತಟ್ಟೆಯ ಮಾತು, ಲೋಟದಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ. ಕೈಗವಸು ಹಾಕಿಕೊಂಡವರು ಲೋಟ ಕೆನ್ನೆಗೆ ಒತ್ತಿಕೊಂಡು ನಿಲ್ಲುವುದನ್ನು ನೋಡಿದರೆ ಮಾಡಿದ ಶ್ರಮ ಮರೆತುಹೋಗುತ್ತದೆ.

ಸ್ಟೇಡಿಯಂ ಒಳಗೆ ತಿಂಡಿ ತಗೊಂಡು ಹೋಗಬಹುದಾ? ನಿಯಮಗಳೇನು?

ಒಂದೊಂದು ಕಡೆ ಒಂದೊಂದು ನಿಯಮ, ಹೋಗುವ ಮುಂಚೆ ಆ ಸ್ಟೇಡಿಯಂನದ್ದು ಓದಿ. ಎನ್‌ಎಫ್‌ಎಲ್ (ವೃತ್ತಿಪರ ಫುಟ್‌ಬಾಲ್ ಲೀಗ್) ಮ್ಯಾಚುಗಳಲ್ಲಿ 2013ರಿಂದ, ಅಂಗೈಯಷ್ಟಿನ ಸಣ್ಣ ಪರ್ಸ್ ಬಿಟ್ಟರೆ, ಪಾರದರ್ಶಕ ಚೀಲ ಮಾತ್ರ, ಅದೂ 12 ಇಂಚು ಉದ್ದ, 12 ಎತ್ತರ, 6 ಅಗಲದ ಒಳಗೆ. ಊಟದ ಚೀಲ ಕಾರಿನಲ್ಲೇ ಉಳಿಯುತ್ತದೆ, ಒಂದು ಸಲ ಒಳಗೆ ಹೋದರೆ ಮಧ್ಯೆ ಹೊರಗೆ ಬಂದು ಮತ್ತೆ ಹೋಗಲು ತುಂಬ ಕಡೆ ಬಿಡುವುದಿಲ್ಲ. ಆದ್ದರಿಂದ ಕಿಕ್‌ಆಫ್‌ಗೆ, ಅಂದರೆ ಆಟ ಶುರುವಾಗುವುದಕ್ಕೆ, ಒಂದು ಗಂಟೆ ಮುಂಚೆ ಊಟ ಮುಗಿಸಿ ಕಟ್ಟಿಡಲು ಶುರು ಮಾಡಿ. ಇದ್ದಿಲು ಗ್ರಿಲ್ ಇದ್ದರೆ ಇನ್ನೂ ಮುಂಚೆ. ಕೆಂಡವನ್ನು ನೀರು ಹಾಕಿ ಪೂರ್ತಿ ಆರಿಸಿ, ಇದ್ದಿಲಿಗೆ ಅಂತಲೇ ಇಟ್ಟಿರುವ ತೊಟ್ಟಿಗೆ ಹಾಕಿ. ಕಾರಿನ ಕೆಳಗೆ ಸುಮ್ನೆ ತಳ್ಳಿ ಹೋಗಬೇಡಿ, ಅದರಿಂದ ಕಾರಿಗೆ ಬೆಂಕಿ ಬೀಳಬಹುದು.

ಮ್ಯಾಚ್ ಮುಗಿದ ಮೇಲೆ ಉಳಿದದ್ದನ್ನು ತಿನ್ನಬಹುದಾ?

ಮ್ಯಾಚ್ ಮೂರೂವರೆ ಗಂಟೆ ನಡೆಯುತ್ತದೆ, ಅಷ್ಟು ಹೊತ್ತು ಊಟ ಕಾರಿನಲ್ಲಿ ಬಿದ್ದಿರುತ್ತದೆ. ಕೂಲರ್‌ನಲ್ಲಿ ಇನ್ನೂ ಗಟ್ಟಿ ಐಸ್ ಇದ್ದು, ಡಬ್ಬಿ ಮುಟ್ಟಿದರೆ ಫ್ರಿಜ್‌ನಿಂದ ತೆಗೆದ ಹಾಗೆ ತಣ್ಣಗಿದ್ದರೆ ತಿನ್ನಿ. ಡಿಪ್, ಚಿಲ್ಲಿ, ಅನ್ನ ಬೆಚ್ಚಗಾಗಿದ್ದರೆ ಚೆಲ್ಲಿಬಿಡಿ, ಬೇಜಾರಾದರೂ ಸರಿ. ಟ್ರಾಫಿಕ್ ಕರಗುವ ತನಕ ಹೇಗೂ ಒಂದು ಗಂಟೆ ಅಲ್ಲೇ ಕೂರಬೇಕಾಗುತ್ತದೆ. ಅದಕ್ಕೆ ಅಂತಲೇ ನಾನು ಒಂದು ಡಬ್ಬಿ ನಿಪ್ಪಟ್ಟು, ಸ್ವಲ್ಪ ಮಂಡಕ್ಕಿ, ಎರಡು ಸೇಬುಹಣ್ಣು ಮುಂದಿನ ಸೀಟಿನ ಕೆಳಗೆ ಬೇರೆಯಾಗಿ ಇಟ್ಟಿರುತ್ತೇನೆ.